ಕ್ಲಿನಿಕಲ್ ಸೈಕಾಲಜಿ ಡಾಕ್ಟರೇಟ್: ಅರ್ಜಿ ಎಲ್ಲೆಲ್ಲಿ ಹಾಕಬೇಕು?

ಕಳೆದ ತಿಂಗಳು ಗೌರಿಬಿದನೂರಿನ ಒಬ್ಬ ಹುಡುಗಿ ನನ್ನ ಹತ್ತಿರ ಬಂದಿದ್ದಳು. ಎಂ.ಎಸ್ಸಿ. ಸೈಕಾಲಜಿ ಮುಗಿಸಿದ್ದಾಳೆ. ಕೈಯಲ್ಲಿ ನೂರು ಪುಟದ ನೋಟ್‌ಬುಕ್. ಅದರಲ್ಲಿ ಇಪ್ಪತ್ಮೂರು ವಿಶ್ವವಿದ್ಯಾಲಯಗಳ ಹೆಸರು. ಕೆಲವಕ್ಕೆ ಹಸಿರು ಇಂಕಿನಲ್ಲಿ ಟಿಕ್, ಕೆಲವಕ್ಕೆ ಪ್ರಶ್ನೆ ಗುರುತು. ಬೆಂಗಳೂರಿನದು ಏಳೆಂಟು, ದೆಹಲಿಯದು ಎರಡು, ಅಮೆರಿಕದ್ದು ಆರು, ಇಂಗ್ಲೆಂಡಿನದು ಮೂರು. "ಅಕ್ಕ, ಇದರಲ್ಲಿ ಯಾವುದು ಒಳ್ಳೇದು?" ಅಂತ ಕೇಳಿದಳು.

"ಓದು ಮುಗಿದ ಮೇಲೆ ಏನು ಮಾಡಬೇಕು ಅಂತಿದ್ದೀಯ?" ಅಂದೆ.

"ಪೇಷೆಂಟ್ ನೋಡ್ಬೇಕಕ್ಕ. ಊರ ಹತ್ತಿರಾನೇ."

ಆ ಒಂದು ಮಾತಿಗೇ ಪಟ್ಟಿಯಲ್ಲಿದ್ದ ಹದಿನಾಲ್ಕು ಹೆಸರು ಹೊಡೆದು ಹಾಕಬೇಕಾಯಿತು. ಅವು ಕೆಟ್ಟ ಜಾಗಗಳೇನಲ್ಲ. ಅವಳಿಗೆ ಬೇಕಾದ ಕೆಲಸಕ್ಕೆ ಅಲ್ಲಿನ ಪದವಿ ದಾರಿಯೇ ಅಲ್ಲ, ಅಷ್ಟೇ.

ನಾನು ಶಿಡ್ಲಘಟ್ಟದ ಕಡೆಯವಳು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಜನರನ್ನು ನೋಡುತ್ತೇನೆ. ನಮ್ಮ ಕಡೆ ಇಂಜಿನಿಯರಿಂಗ್ ಸೀಟು, ಮೆಡಿಕಲ್ ಸೀಟಿನ ಬಗ್ಗೆ ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. ಈ ದಾರಿ ಬಲ್ಲವರು ಸಿಗುವುದು ಕಷ್ಟ. ಆ ಹುಡುಗಿಯ ಜೊತೆ ಕೂತು ಪಟ್ಟಿ ಮಾಡಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಪದವಿ ಯಾವ ಕೆಲಸಕ್ಕೆ?

ಒಂದು ಹಾಳೆ ತೆಗೆದುಕೊಂಡು ಒಂದೇ ಸಾಲು ಬರೆಯಿರಿ. ಹತ್ತು ವರ್ಷದ ನಂತರ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನೀವು ಏನು ಮಾಡುತ್ತಿರಬೇಕು? ಆಸ್ಪತ್ರೆಯಲ್ಲಿ ಒಬ್ಬರ ಎದುರು ಕೂತಿರಬೇಕಾ, ಕಾಲೇಜಿನಲ್ಲಿ ಪಾಠ ಮಾಡುತ್ತಿರಬೇಕಾ, ಸಂಶೋಧನೆಯ ಅಂಕಿಅಂಶ ನೋಡುತ್ತಿರಬೇಕಾ?

ಇದು ಯಾಕೆ ಮುಖ್ಯ ಅಂದರೆ, ನಮ್ಮ ದೇಶದಲ್ಲಿ ಪಿಎಚ್.ಡಿ. ಸಂಶೋಧನೆಯ ಪದವಿ. ಚಿಕಿತ್ಸೆ ಕೊಡುವ ಪರವಾನಗಿ ಅಲ್ಲ. ಸೈಕಾಲಜಿ ವಿಭಾಗದಲ್ಲಿ ಪಿಎಚ್.ಡಿ. ಮಾಡಿ ಹೆಸರಿನ ಮುಂದೆ ಡಾ. ಅಂತ ಹಾಕಿಕೊಂಡವರೂ ಅಷ್ಟಕ್ಕೇ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಹಾಗೆ ಕರೆಸಿಕೊಳ್ಳಲು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ಹೆಸರು ನೋಂದಣಿ ಆಗಿರಬೇಕು. ಎಲ್ಲರೂ ಅದನ್ನು ಆರ್‌ಸಿಐ ಅನ್ನುತ್ತಾರೆ. 1992ರ ಆರ್‌ಸಿಐ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಈ ವೃತ್ತಿ ಮಾಡುವುದು ಅಪರಾಧ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಅಂತ ಹೇಳುವಾಗ ಆರ್‌ಸಿಐ ಮಾನ್ಯತೆಯನ್ನೇ ಹಿಡಿಯುತ್ತದೆ.

ಪಾಠ ಮಾಡುವುದು, ಸಂಶೋಧನೆ ಮಾಡುವುದು ನಿಮ್ಮ ಆಸೆಯಾದರೆ ಪಿಎಚ್.ಡಿ. ಸರಿಯಾದ ದಾರಿ. ಪೇಷೆಂಟ್ ನೋಡಬೇಕಾದರೆ ಮೊದಲು ಆರ್‌ಸಿಐ ಒಪ್ಪಿದ ಕ್ಲಿನಿಕಲ್ ತರಬೇತಿ ಬೇಕು. ಎರಡು ವರ್ಷದ ಎಂ.ಫಿಲ್. ಇಷ್ಟು ವರ್ಷ ಆ ಬಾಗಿಲಾಗಿತ್ತು. ಸೈ.ಡಿ., ಅಂದರೆ ಡಾಕ್ಟರ್ ಆಫ್ ಸೈಕಾಲಜಿ, ಇನ್ನೊಂದು ಬಾಗಿಲು. ಅದು ಡಾಕ್ಟರೇಟೂ ಹೌದು, ತರಬೇತಿಯೂ ಹೌದು. ಎರಡೂ ಬೇಕು ಅನ್ನುವವರು ಸಾಮಾನ್ಯವಾಗಿ ಮೊದಲು ತರಬೇತಿ ಮುಗಿಸಿ, ಆಮೇಲೆ ಪಿಎಚ್.ಡಿ.ಗೆ ಹೋಗುತ್ತಾರೆ. ನಾನು ಹೋಗಿದ್ದೂ ಅದೇ ದಾರಿಯಲ್ಲಿ. ಆರು ತಿಂಗಳು ವಾರ್ಡಿನಲ್ಲಿ ಓಡಾಡಿದ ಮೇಲೆ ಹುಟ್ಟುವ ಸಂಶೋಧನೆಯ ಪ್ರಶ್ನೆಗೂ, ಪುಸ್ತಕ ಓದಿ ಹುಟ್ಟುವ ಪ್ರಶ್ನೆಗೂ ಬಹಳ ವ್ಯತ್ಯಾಸ ಇರುತ್ತದೆ.

ಎರಡನೇ ಹೆಜ್ಜೆ: ಮಾನ್ಯತೆಯ ತಳಕ್ಕೆ ಕೈ ಹಾಕಿ

ನಮ್ಮ ಅಪ್ಪ ರೇಷ್ಮೆ ಬೆಳೆಗಾರರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರ್‌ಗಳು ಗೂಡು ಕೊಳ್ಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮೇಲೆ ಕಾಣುವ ಗೂಡು ನೋಡಿ ಯಾರೂ ಬೆಲೆ ಕೂಗುವುದಿಲ್ಲ. ತಳದವರೆಗೆ ಕೈ ಹಾಕಿ ಒಂದು ಹಿಡಿ ಎತ್ತುತ್ತಾರೆ. ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳು ಚೆನ್ನಾಗಿದ್ದರೆ ಟಕಟಕ ಅನ್ನುತ್ತದೆ. ಸತ್ತು ಅಂಟಿಕೊಂಡಿದ್ದರೆ ಸದ್ದೇ ಬರುವುದಿಲ್ಲ.

ಎಂ.ಎಸ್ಸಿ. ಮುಗಿಸಿದ ವರ್ಷ ನನಗೆ ಆ ಬುದ್ಧಿ ಬರಲಿಲ್ಲ. ಒಂದು ಖಾಸಗಿ ಸಂಸ್ಥೆಯ ಬ್ರೋಷರ್‌ನಲ್ಲಿ ಆರ್‌ಸಿಐ ಮಾನ್ಯತೆ ಇದೆ ಅಂತ ದಪ್ಪ ಅಕ್ಷರದಲ್ಲಿತ್ತು. ಸೀಟು ಉಳಿಸಿಕೊಳ್ಳಲು 40 ಸಾವಿರ ಕಟ್ಟಿ ಅಂದರು. ಆ ಸಲದ ಬೆಳೆಯ ದುಡ್ಡಿನಲ್ಲಿ ಅಪ್ಪ ಕಟ್ಟಿದರು. ಸೇರುವುದಕ್ಕೆ ಒಂದು ವಾರ ಇದೆ ಅನ್ನುವಾಗ ಸೀನಿಯರ್ ಒಬ್ಬರು ಕೇಳಿದರು, "ಮಾನ್ಯತೆ ಯಾವ ವರ್ಷದವರೆಗೆ ಇದೆ, ನೋಡಿದ್ಯಾ?" ನೋಡಿದರೆ ಅವಧಿ ಹಿಂದಿನ ವರ್ಷವೇ ಮುಗಿದಿತ್ತು. ಕೇಳಿದ್ದಕ್ಕೆ, ನವೀಕರಣಕ್ಕೆ ಹಾಕಿದ್ದೇವೆ, ಬಂದೇ ಬರುತ್ತೆ ಅಂದರು. ನಾನು ಸೇರಲಿಲ್ಲ. ದುಡ್ಡು ವಾಪಸ್ ಬರಲಿಲ್ಲ. ಅಪ್ಪ ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಜಾಸ್ತಿ ಹೊಟ್ಟೆ ಉರಿಸಿತು.

ಹಾಗಾಗಿ ಬ್ರೋಷರ್ ನಂಬಬೇಡಿ. ಆರ್‌ಸಿಐ ತನ್ನ ವೆಬ್‌ಸೈಟಿನಲ್ಲೇ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಹಾಕುತ್ತದೆ. ಅದನ್ನು ತೆರೆದು ನಾಲ್ಕು ವಿಷಯ ನೋಡಿ. ಸಂಸ್ಥೆಯ ಹೆಸರು, ಕ್ಯಾಂಪಸ್‌ನ ಊರು ಸಮೇತ, ಅಕ್ಷರಕ್ಕೆ ಅಕ್ಷರ ಹೊಂದುತ್ತದಾ? ಒಂದೇ ಹೆಸರಿನ ಟ್ರಸ್ಟ್‌ಗೆ ಎರಡು ಊರಲ್ಲಿ ಕಾಲೇಜು ಇರಬಹುದು, ಮಾನ್ಯತೆ ಒಂದಕ್ಕೇ ಇರಬಹುದು. ನೀವು ಸೇರುವ ಕೋರ್ಸಿನ ಹೆಸರೇ ಅಲ್ಲಿದೆಯಾ? ಬೇರೆ ಕೋರ್ಸಿನ ಮಾನ್ಯತೆ ತೋರಿಸಿ ಇದಕ್ಕೂ ಇದೆ ಅನ್ನುವವರಿದ್ದಾರೆ. ಮಾನ್ಯತೆ ನೀವು ಸೇರುವ ವರ್ಷಕ್ಕೆ ಇದೆಯಾ? ಕೊನೆಯದಾಗಿ, ಸೀಟು ಎಷ್ಟು? ಮಂಜೂರಾದದ್ದಕ್ಕಿಂತ ಜಾಸ್ತಿ ಜನರನ್ನು ಸೇರಿಸಿಕೊಂಡರೆ ಮುಂದೆ ನೋಂದಣಿ ಸಮಯದಲ್ಲಿ ತೊಂದರೆ ಯಾರಿಗೆ ಅಂತ ಬೇರೆ ಹೇಳಬೇಕಾಗಿಲ್ಲ. ಆ ಪುಟದ ಪ್ರಿಂಟ್ ತೆಗೆದು, ದಿನಾಂಕ ಬರೆದು ಇಟ್ಟುಕೊಳ್ಳಿ.

ಎಂ.ಫಿಲ್. ಬಗ್ಗೆ ಒಂದು ಎಚ್ಚರಿಕೆ. 2022ರ ನವೆಂಬರ್‌ನಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಪಿಎಚ್.ಡಿ.ಗೆ ಹೊಸ ನಿಯಮ ತಂದಾಗ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು. ಆದರೆ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಎರಡಕ್ಕೆ ಮಾತ್ರ 2025–26ನೇ ಸಾಲಿನವರೆಗೆ ಅವಕಾಶ ಕೊಟ್ಟಿತು. ಹಾಗಾಗಿ ಹಳೆಯ ಸೀನಿಯರ್‌ಗಳ ಮಾತು ಕೇಳಿಕೊಂಡು ಪಟ್ಟಿ ಮಾಡಬೇಡಿ. ಅವರ ಕಾಲದ ದಾರಿ ಬೇರೆ. ನೀವು ಸೇರುವ ವರ್ಷ ಯಾವ ಪದವಿಗೆ ನೋಂದಣಿ ಸಿಗುತ್ತದೆ ಅನ್ನುವುದನ್ನು ಆರ್‌ಸಿಐ ಸುತ್ತೋಲೆಯಲ್ಲೇ ಓದಿ.

ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ರಾಂಚಿಯ ಸಿಐಪಿ, ದೆಹಲಿಯ ಇಹ್ಬಾಸ್, ಅಸ್ಸಾಮಿನ ತೇಜಪುರದ ಎಲ್‌ಜಿಬಿ ಸಂಸ್ಥೆ, ಮಣಿಪಾಲ ಇವೆಲ್ಲ ಈ ತರಬೇತಿಗೆ ಹೆಸರಾದ ಜಾಗಗಳು. ಇವುಗಳ ಜಾಹೀರಾತಿನ ಮೇಲೆ ಕಣ್ಣಿಡಿ. ಸರ್ಕಾರಿ ಸಂಸ್ಥೆಗಳಲ್ಲಿ ಸೀಟು ಕಡಿಮೆ, ಪ್ರವೇಶ ಪರೀಕ್ಷೆ ಗಟ್ಟಿ. ಆದರೆ ಫೀಸು ಕಡಿಮೆ.

ಮೂರನೇ ಹೆಜ್ಜೆ: ವಿಶ್ವವಿದ್ಯಾಲಯಕ್ಕಿಂತ ಮೊದಲು ಗೈಡ್

ಪಿಎಚ್.ಡಿ. ದಾರಿ ಹಿಡಿಯುವವರು ಹೆಸರಿನ ಹಿಂದೆ ಓಡುತ್ತಾರೆ. ದೊಡ್ಡ ಗೇಟು, ಎನ್‌ಐಆರ್‌ಎಫ್ ರ‍್ಯಾಂಕು, ನ್ಯಾಕ್ ಗ್ರೇಡು. ಆದರೆ ಮುಂದಿನ ನಾಲ್ಕೈದು ವರ್ಷ ನೀವು ಬದುಕುವುದು ಒಬ್ಬ ಗೈಡ್ ಜೊತೆ. ಯುಜಿಸಿ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಒಂದು ಕಾಲಕ್ಕೆ 8 ಜನರಿಗೆ, ಅಸೋಸಿಯೇಟ್ ಪ್ರೊಫೆಸರ್ 6 ಜನರಿಗೆ, ಅಸಿಸ್ಟೆಂಟ್ ಪ್ರೊಫೆಸರ್ 4 ಜನರಿಗೆ ಗೈಡ್ ಆಗಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ನೀವು ಮೆಚ್ಚಿದ ಗೈಡ್ ಹತ್ತಿರ ಜಾಗ ಖಾಲಿ ಇಲ್ಲ ಅಂದರೆ ಆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ ಏನು ಪ್ರಯೋಜನ? ಅರ್ಜಿ ಶುಲ್ಕ ಕಟ್ಟುವ ಮೊದಲೇ ಕೇಳಿ.

ಗೈಡ್ ಬಗ್ಗೆ ಮೂರು ಕೆಲಸ ಮಾಡಿ. ಅವರ ಇತ್ತೀಚಿನ ಎರಡು ಲೇಖನ ಓದಿ, ಸಾರಾಂಶ ಮಾತ್ರ ಸಾಲದು. ಪಿಎಚ್.ಡಿ. ಪ್ರಬಂಧಗಳನ್ನು ಇಡುವ ಶೋಧಗಂಗಾ ವೆಬ್‌ಸೈಟಿನಲ್ಲಿ ಅವರ ಹೆಸರು ಹುಡುಕಿ. ಅವರ ಕೈಯಲ್ಲಿ ಪಿಎಚ್.ಡಿ. ಮುಗಿಸಿದವರ ಪ್ರಬಂಧಗಳು ಅಲ್ಲಿ ಸಿಗುತ್ತವೆ. ಸಿಕ್ಕರೆ ಕೃತಜ್ಞತೆಯ ಪುಟ ತಪ್ಪದೆ ಓದಿ. ಅಲ್ಲಿ ವಿದ್ಯಾರ್ಥಿ ಗೈಡ್ ಬಗ್ಗೆ ಏನು ಬರೆದಿದ್ದಾನೆ, ಎಷ್ಟು ಬಿಚ್ಚಿ ಬರೆದಿದ್ದಾನೆ ಅನ್ನುವುದು ಬಹಳ ಹೇಳುತ್ತದೆ. ಮೂರನೆಯದು, ಈಗ ಅವರ ಹತ್ತಿರ ಇರುವ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಿ. "ಡ್ರಾಫ್ಟ್ ಕೊಟ್ಟರೆ ಎಷ್ಟು ದಿನಕ್ಕೆ ವಾಪಸ್ ಕೊಡುತ್ತಾರೆ?" ಈ ಒಂದು ಪ್ರಶ್ನೆ ಸಾಕು. ಉತ್ತರ ಕೊಡುವ ಮೊದಲು ಅವರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಅನ್ನುವುದನ್ನೂ ಗಮನಿಸಿ.

ಉಳಿದ ನಿಯಮ ಚಿಕ್ಕದಾಗಿ ಹೇಳುತ್ತೇನೆ. ಸ್ನಾತಕೋತ್ತರ ಪದವಿಯಲ್ಲಿ 55% ಬೇಕು. ಎಸ್‌ಸಿ, ಎಸ್‌ಟಿ, ಒಬಿಸಿ, ಆರ್ಥಿಕವಾಗಿ ಹಿಂದುಳಿದವರು ಮತ್ತು ಅಂಗವಿಕಲರಿಗೆ 5% ವಿನಾಯಿತಿ. ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರು ನೋಂದಣಿ ಮಾಡಿಸಿ ಇನ್ನು 2 ವರ್ಷ ಪಡೆಯಬಹುದು. ಹೆಣ್ಣುಮಕ್ಕಳಿಗೆ ಅದರ ಮೇಲೂ 2 ವರ್ಷ ಇದೆ. ಪೂರ್ತಿ ಅವಧಿಯಲ್ಲಿ 240 ದಿನದವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಯೂ ಇದೆ. ಮದುವೆ ಆಗಿದೆ ಅಂತ ಆಸೆ ಬಿಟ್ಟವರು ಈ ಸಾಲನ್ನು ಮನೆಯವರಿಗೂ ಓದಿ ಹೇಳಿ. ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಪಿಎಚ್.ಡಿ. ಮಾಡಿಸುತ್ತೇವೆ ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಅದಕ್ಕೆ ಯುಜಿಸಿ ಒಪ್ಪಿಗೆ ಇಲ್ಲ.

ದುಡ್ಡಿನ ಲೆಕ್ಕ ಬೇರೆ ಇದೆ. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37 ಸಾವಿರ ರೂಪಾಯಿ, ಎರಡು ವರ್ಷ ಕಳೆದು ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋಶಿಪ್) ಆದ ಮೇಲೆ 42 ಸಾವಿರ. 2023ರ ಜನವರಿಯಿಂದ ಈ ದರ ಇದೆ. ಮನೆ ಬಾಡಿಗೆ ಭತ್ಯೆ ಬೇರೆ. ಜೆಆರ್‌ಎಫ್ ಇದ್ದವರಿಗೆ ಗೈಡ್‌ಗಳು ಬೇಗ ಒಪ್ಪುತ್ತಾರೆ. ಹಾಗಾಗಿ ಅರ್ಜಿ ಹಾಕುವ ಮೊದಲು ಒಂದು ವರ್ಷ ನೆಟ್‌ಗೆ ಕೂತು ಓದಿದರೂ ನಷ್ಟವಿಲ್ಲ. 2024ರ ಜೂನ್ ಪರೀಕ್ಷೆಯಿಂದ ಪಿಎಚ್.ಡಿ. ಪ್ರವೇಶಕ್ಕೂ ನೆಟ್ ಅಂಕ ಬಳಸಬಹುದು. ಜೆಆರ್‌ಎಫ್ ಸಿಗದಿದ್ದರೂ ಆ ಅಂಕ ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಆಗ 70% ತೂಕ ನೆಟ್ ಅಂಕಕ್ಕೆ, 30% ಸಂದರ್ಶನಕ್ಕೆ.

ನಾಲ್ಕನೇ ಹೆಜ್ಜೆ: ಅಲ್ಲಿ ಯಾರನ್ನು ನೋಡುತ್ತೀರಿ, ನಿಮ್ಮನ್ನು ಯಾರು ನೋಡುತ್ತಾರೆ?

ಕ್ಲಿನಿಕಲ್ ತರಬೇತಿಯ ಕೋರ್ಸುಗಳನ್ನು ಹೋಲಿಸುವಾಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಎರಡು ಸಂಸ್ಥೆಗಳ ಸಿಲಬಸ್ ಹೆಚ್ಚುಕಡಿಮೆ ಒಂದೇ ಇರುತ್ತದೆ, ಯಾಕಂದರೆ ಅದನ್ನು ಆರ್‌ಸಿಐ ಹಾಕಿಕೊಟ್ಟಿದೆ. ಬೇರೆಯಾಗುವುದು ಹೊರರೋಗಿ ವಿಭಾಗ.

ಕೇಳಬೇಕಾದ್ದು ಹೀಗೆ. ಸಂಸ್ಥೆಗೆ ಸ್ವಂತ ಮನೋರೋಗ ವಿಭಾಗ ಇದೆಯಾ, ಇಲ್ಲ ಬೇರೆ ಆಸ್ಪತ್ರೆ ಜೊತೆ ಕಾಗದದ ಒಪ್ಪಂದ ಮಾತ್ರವಾ? ಒಳರೋಗಿಗಳ ಹಾಸಿಗೆ ಇದೆಯಾ? ಮಕ್ಕಳ ವಿಭಾಗ, ಕುಡಿತ ಬಿಡಿಸುವ ವಿಭಾಗ, ನರರೋಗ ವಿಭಾಗಕ್ಕೆ ಸರದಿ ಮೇಲೆ ಕಳಿಸುತ್ತಾರಾ? ನೀವು ಬರೆದ ಕೇಸನ್ನು ವಾರಕ್ಕೆ ಎಷ್ಟು ಗಂಟೆ ಕೂತು ತಿದ್ದುತ್ತಾರೆ? ಸೆಷನ್ ಅರ್ಧದಲ್ಲಿ ನಿಮಗೆ ದಾರಿ ತಪ್ಪಿದರೆ ಪಕ್ಕದ ಕೋಣೆಯಲ್ಲಿ ಯಾರಿರುತ್ತಾರೆ?

ಭಾಷೆಯ ಬಗ್ಗೆ ತಪ್ಪದೆ ಯೋಚಿಸಿ. ನಮ್ಮ ಜಿಲ್ಲೆಗಳ ಜನ ಒಂದೇ ಮಾತಿನಲ್ಲಿ ನೋವು ಹೇಳುವುದಿಲ್ಲ. ಬಾಗೇಪಲ್ಲಿ, ಶ್ರೀನಿವಾಸಪುರ, ಪಾವಗಡದ ಕಡೆ ತೆಲುಗು. ಕೆಜಿಎಫ್‌ನಲ್ಲಿ ತಮಿಳು. ಚಿಂತಾಮಣಿ ಪೇಟೆಯಲ್ಲಿ ಉರ್ದು, ತೆಲುಗು, ಕನ್ನಡ ಮೂರೂ. ಒಮ್ಮೆ ಬಾಗೇಪಲ್ಲಿ ಕಡೆಯ ಅಜ್ಜಿಯೊಬ್ಬರು ನನ್ನ ಎದುರು ಕೂತರು. ಸೆರಗಿನ ತುದಿಯಲ್ಲಿ ಮಾತ್ರೆಯ ಚೀಟಿ ಗಂಟು ಹಾಕಿಕೊಂಡಿದ್ದರು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ "ಏನಿಲ್ಲಮ್ಮ, ಚೆನ್ನಾಗಿದೀನಿ" ಅಂದರು. ನಾನು ತೆಲುಗಿಗೆ ತಿರುಗಿದೆ. ಗಂಟು ಬಿಚ್ಚುತ್ತಾ "ಗುಂಡೆ ದಡದಡ ಅಂಟೊಂದಿ, ನಿದ್ರ ಪಟ್ಟಲೇದು" (ಎದೆ ದಡದಡ ಅನ್ನುತ್ತಿದೆ, ನಿದ್ದೆ ಬಂದಿಲ್ಲ) ಅಂತ ಶುರು ಮಾಡಿದವರು ಮಗ ಸತ್ತ ದಿನದವರೆಗೂ ಹೋದರು. ಕನ್ನಡದಲ್ಲೇ ಮುಂದುವರಿಸಿದ್ದರೆ ಅವರಿಗೆ ಏನೂ ತೊಂದರೆ ಇಲ್ಲ ಅಂತ ಬರೆದು ಕಳಿಸುತ್ತಿದ್ದೆ.

ಊರಿಗೆ ವಾಪಸ್ ಬರುವ ಆಸೆ ಇದ್ದರೆ, ನಿಮ್ಮ ಜನರ ಮಾತಿನಲ್ಲಿ ಪೇಷೆಂಟ್ ನೋಡಲು ಸಿಗುವ ಜಾಗಕ್ಕೆ ಒಂದು ಅಂಕ ಜಾಸ್ತಿ ಕೊಡಿ. ನಿಮ್ಹಾನ್ಸ್‌ಗೆ ನಮ್ಮ ಈ ಜಿಲ್ಲೆಗಳಿಂದೆಲ್ಲ ಜನ ಬಸ್ಸು ಹತ್ತಿ ಬರುತ್ತಾರೆ. ಬೇರೆ ರಾಜ್ಯಕ್ಕೆ ಹೋಗಬೇಡಿ ಅಂತಲ್ಲ. ಆದರೆ ಅಸ್ಸಾಮಿನ ವಾರ್ಡಿನಲ್ಲಿ ಮೊದಲ ಆರು ತಿಂಗಳು ಭಾಷೆಗೇ ಹೋಗುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ಮಾತು. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಮೂರೂ ಬೆಂಗಳೂರಿಗೆ 60–70 ಕಿಲೋಮೀಟರ್. ದಿನಾ ಓಡಾಡಿಕೊಂಡೇ ಓದಲಿ ಅಂತ ಮನೆಯಲ್ಲಿ ಹೇಳುತ್ತಾರೆ. ಪಾರ್ಟ್ ಟೈಮ್ ಪಿಎಚ್.ಡಿ.ಗೆ ಅದು ಆದೀತು. ಪೂರ್ಣಾವಧಿಯ ಕ್ಲಿನಿಕಲ್ ತರಬೇತಿಗೆ ಆಗುವುದಿಲ್ಲ. ದಿನವೆಲ್ಲ ಕೇಸು ನೋಡಿ, ರಾತ್ರಿ ವರದಿ ಬರೆದು, ಬೆಳಿಗ್ಗೆ ಸೂಪರ್‌ವೈಸರ್ ಎದುರು ನಿಲ್ಲಬೇಕು. ಹಾಸ್ಟೆಲ್ ಖರ್ಚನ್ನು ಮೊದಲೇ ಬಜೆಟ್ಟಿಗೆ ಸೇರಿಸಿ.

ಐದನೇ ಹೆಜ್ಜೆ: ಹೊರದೇಶ ಪಟ್ಟಿಯಲ್ಲಿದ್ದರೆ

ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿ ಕ್ಲಿನಿಕಲ್ ಸೈಕಾಲಜಿಯ ಪಿಎಚ್.ಡಿ. ಒಳಗೇ ಪೇಷೆಂಟ್ ನೋಡುವ ತರಬೇತಿ ಸೇರಿರುತ್ತದೆ. ಸಂಶೋಧನೆ ಮತ್ತು ಚಿಕಿತ್ಸೆ ಎರಡನ್ನೂ ಕಲಿಸುವ ಈ ಪದ್ಧತಿ 1949ರ ಬೌಲ್ಡರ್ ಸಮ್ಮೇಳನದಿಂದ ಬಂದದ್ದು. ಚಿಕಿತ್ಸೆಗೇ ಒತ್ತು ಕೊಡುವ ಸೈ.ಡಿ.ಗೆ 1973ರ ವೇಲ್ ಸಮ್ಮೇಳನ ಬಲ ಕೊಟ್ಟಿತು. ಸರಳವಾಗಿ ಹೇಳುವುದಾದರೆ, ಒಳ್ಳೆಯ ಪಿಎಚ್.ಡಿ. ಕಾರ್ಯಕ್ರಮಗಳು ಫೀಸು ಮನ್ನಾ ಮಾಡಿ ಸ್ಟೈಪೆಂಡ್ ಕೊಡುತ್ತವೆ. ಅದಕ್ಕೇ ಕೈಬೆರಳಿನಲ್ಲಿ ಎಣಿಸುವಷ್ಟು ಸೀಟಿಗೆ ನೂರಾರು ಅರ್ಜಿ ಬರುತ್ತವೆ. ಸೈ.ಡಿ.ಯಲ್ಲಿ ಸೀಟು ಜಾಸ್ತಿ, ಆದರೆ ಬಹುತೇಕ ಕಡೆ ಫೀಸು ನೀವೇ ಕಟ್ಟಬೇಕು. ಹೊಲ ಅಡ ಇಟ್ಟು ಸೈ.ಡಿ.ಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಅಲ್ಲಿ ಮುಖ್ಯವಾಗಿ ಮಾನ್ಯತೆ ಕೊಡುವುದು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್, ಅಂದರೆ ಎಪಿಎ. ಎಪಿಎ ಮಾನ್ಯತೆ ಇಲ್ಲದ ಕಾರ್ಯಕ್ರಮವನ್ನು ಪಟ್ಟಿಯಿಂದ ತೆಗೆಯಿರಿ. ಮಾನ್ಯತೆ ಇರುವ ಪ್ರತಿ ಕಾರ್ಯಕ್ರಮವೂ ತನ್ನ ಅಂಕಿಅಂಶವನ್ನು ಸಾರ್ವಜನಿಕವಾಗಿ ಹಾಕಲೇಬೇಕು. ಎಷ್ಟು ವರ್ಷಕ್ಕೆ ಮುಗಿಸುತ್ತಾರೆ, ಎಷ್ಟು ಜನ ಅರ್ಧಕ್ಕೆ ಬಿಡುತ್ತಾರೆ, ಎಷ್ಟು ಜನರಿಗೆ ಇಂಟರ್ನ್‌ಶಿಪ್ ಸಿಗುತ್ತದೆ, ಎಷ್ಟು ಜನರಿಗೆ ಲೈಸೆನ್ಸ್ ಸಿಕ್ಕಿದೆ, ಖರ್ಚು ಎಷ್ಟು, ಎಲ್ಲವೂ ಅಲ್ಲಿರುತ್ತದೆ. ಎರಡು ಕಾರ್ಯಕ್ರಮಗಳ ಈ ಪುಟವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹೆಸರಿನ ಮೋಹ ತಾನಾಗಿ ಕಡಿಮೆಯಾಗುತ್ತದೆ.

ಹೊರದೇಶದ ವಿದ್ಯಾರ್ಥಿಗಳು ತಿಳಿಯಬೇಕಾದ ಒಂದು ವಿಷಯ ಇದೆ. ಪದವಿ ಸಿಗಬೇಕಾದರೆ ಕೊನೆಗೆ ಒಂದು ವರ್ಷ ಇಂಟರ್ನ್‌ಶಿಪ್ ಮಾಡಬೇಕು. ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಈ ಸೀಟು ಬಹಳ ಇವೆ, ಆದರೆ ಅವು ಅಮೆರಿಕದ ಪೌರರಿಗೆ ಮಾತ್ರ. ಹಿಂದಿನ ವರ್ಷಗಳಲ್ಲಿ ಸೇರಿದ ಹೊರದೇಶದವರು ಎಲ್ಲಿ ಇಂಟರ್ನ್‌ಶಿಪ್ ಮಾಡಿದರು ಅಂತ ನೇರವಾಗಿ ಕೇಳಿ. ಅರ್ಜಿಯ ಕೊನೆ ದಿನ ಸಾಮಾನ್ಯವಾಗಿ ಡಿಸೆಂಬರ್ 1ರ ಆಸುಪಾಸು. ಪ್ರೊಫೆಸರ್‌ಗಳಿಗೆ ಮೇಲ್ ಬರೆಯಲು ಸೆಪ್ಟೆಂಬರ್ ಒಳ್ಳೆಯ ಸಮಯ.

ಇಂಗ್ಲೆಂಡಿನ ಡಾಕ್ಟರೇಟ್ 3 ವರ್ಷದ್ದು. ಅಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನುವ ಹೆಸರನ್ನು ಎಚ್‌ಸಿಪಿಸಿ ಎಂಬ ಸಂಸ್ಥೆ ಕಾಯುತ್ತದೆ. ಸರ್ಕಾರದ ಆರೋಗ್ಯ ಸೇವೆ ಸಂಬಳ ಕೊಟ್ಟು ಓದಿಸುವ ಸೀಟುಗಳು ಮುಖ್ಯವಾಗಿ ಅಲ್ಲಿಯವರಿಗೇ. ಹೊರಗಿನವರಿಗೆ ಸ್ವಂತ ಖರ್ಚಿನ ಕೆಲವೇ ಸೀಟು. ಆ ಹುಡುಗಿಯ ಪಟ್ಟಿಯ ಮೂರೂ ಹೆಸರು ಇಲ್ಲೇ ಹೋದವು.

ಹೊರಗೆ ಓದಿ ಇಲ್ಲಿಗೆ ವಾಪಸ್ ಬರುವವರು ಅಲ್ಲಿನ ಪದವಿಯನ್ನು ಆರ್‌ಸಿಐ ಒಪ್ಪುತ್ತದಾ ಅಂತ ಹೊರಡುವ ಮೊದಲೇ ಪತ್ರ ಬರೆದು ಕೇಳಿ. ಪರಿಶಿಷ್ಟ ಜಾತಿಯವರು, ಭೂಮಿ ಇಲ್ಲದ ಕೃಷಿ ಕಾರ್ಮಿಕರ ಮಕ್ಕಳು ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮ ಓದಿಕೊಳ್ಳಿ.

ಆರನೇ ಹೆಜ್ಜೆ: ಪಟ್ಟಿಯನ್ನು ಕಡಿಮೆ ಮಾಡಿ

ಇಪ್ಪತ್ತು ಕಡೆ ಹಾಕಿದರೆ ಎಲ್ಲೋ ಒಂದು ಕಡೆ ಸಿಗುತ್ತೆ ಅಲ್ವಾ ಅನ್ನುತ್ತಾರೆ. ಸಿಗುವುದಿಲ್ಲ. ಇಪ್ಪತ್ತು ಅರ್ಜಿಗೂ ಒಂದೇ ಪತ್ರ ಹೋಗುತ್ತದೆ, ಓದುವವರಿಗೆ ಅದು ಎರಡನೇ ಸಾಲಿಗೇ ಗೊತ್ತಾಗುತ್ತದೆ. ನನ್ನ ಪ್ರಕಾರ ಆರರಿಂದ ಎಂಟು ಸಾಕು. ಕಷ್ಟ ಅನ್ನಿಸುವ ಎರಡು, ಕೈಗೆ ಎಟಕುವ ಮೂರ್ನಾಲ್ಕು, ನಂಬಿಕೆ ಇರುವ ಎರಡು. ಆದರೆ ಸಿಕ್ಕರೂ ಸೇರುವುದಿಲ್ಲ ಅನ್ನುವಂಥ ಜಾಗ ಒಂದೂ ಬೇಡ. ಅದಕ್ಕೆ ಕಟ್ಟುವ ಶುಲ್ಕದಲ್ಲಿ ಒಂದು ತಿಂಗಳ ಬಸ್ ಪಾಸ್ ಬರುತ್ತದೆ.

ಗೌರಿಬಿದನೂರಿನ ಹುಡುಗಿಯ ಪಟ್ಟಿ ಆರಕ್ಕೆ ಇಳಿಯಿತು. ನೋಟ್‌ಬುಕ್ಕಿನಲ್ಲಿ ಒಂದೊಂದು ಹೆಸರಿಗೆ ಒಂದೊಂದು ಪುಟ ಬಿಟ್ಟಳು. ಮೇಲೆ ಮಾನ್ಯತೆಯ ಅವಧಿ, ಕೆಳಗೆ ಸೀಟು, ಫೀಸು, ಹಾಸ್ಟೆಲ್, ಕೊನೆ ದಿನಾಂಕ. ಅದರ ಕೆಳಗೆ "ಮಾತಾಡಿದವರು" ಅಂತ ಒಂದು ಸಾಲು. ಆ ಸಾಲು ಖಾಲಿ ಇರುವ ಪುಟಕ್ಕೆ ಅರ್ಜಿ ಹಾಕುವ ಹಾಗಿಲ್ಲ ಅಂತ ಅವಳೇ ನಿಯಮ ಮಾಡಿಕೊಂಡಳು.

ಗೈಡ್‌ಗೆ ಬರೆಯುವ ಮೇಲ್ ಎಂಟು ಸಾಲು ದಾಟಬಾರದು. ನೀವು ಯಾರು, ಎಲ್ಲಿ ಓದಿದಿರಿ, ಅವರ ಯಾವ ಲೇಖನ ಓದಿ ಯಾವ ಪ್ರಶ್ನೆ ಹುಟ್ಟಿತು, ಈ ವರ್ಷ ಹೊಸಬರನ್ನು ತೆಗೆದುಕೊಳ್ಳುತ್ತಾರಾ. ಇಷ್ಟೇ. ಹೊಗಳಿಕೆ ಬೇಡ, ಮನೆಯ ಕಷ್ಟವೂ ಬೇಡ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಇನ್ನೊಮ್ಮೆ ಬರೆಯಿರಿ. ಆಗಲೂ ಬರದಿದ್ದರೆ ಆ ಪುಟ ಮಡಚಿ ಮುಂದಿನದಕ್ಕೆ ಹೋಗಿ.